ಎರಡು ಕೋಲು, ಒಂದು ಕಾಲು

ಒಂದು ಫೋಟೋದಿಂದಾಗಿ ನನ್ನ ಮದುವೆ ಮುರಿದು ಬೀಳುವುದರಲ್ಲಿತ್ತು. ಫೋಟೋ ತೆಗೆಸಿಕೊಂಡವನು ನಾನೇ, ಅದನ್ನು ಲಕೋಟೆಯಲ್ಲಿಟ್ಟು ಊರಿಗೆ ಕಳಿಸಿದವನೂ ನಾನೇ. ಹಾಗಂತ ತಪ್ಪು ನನ್ನದೆಂದು ಯಾರಾದರೂ ಹೇಳಿದರೆ ಇವತ್ತಿಗೂ ನನ್ನ ಸಿಟ್ಟು ನೆತ್ತಿಗೇರುತ್ತದೆ. ನೋಡುವವರಿಗೆ ಕಣ್ಣಿರಬಾರದೇ?

ಎಪ್ಪತ್ತರ ದಶಕದ ಮಾತು. ಯುದ್ಧ ಮುಗಿದು ಒಂದೆರಡು ವರ್ಷ ಕಳೆದಿತ್ತು. ಸಿಂದಗಿ ತಾಲೂಕಿನ ಒಂದು ಹಳ್ಳಿಯಿಂದ ಮಿಲಿಟರಿ ಸೇರಿದ್ದ ನನ್ನನ್ನು ಕಾಶ್ಮೀರದ ಕಡೆ ಹಾಕಿದ್ದರು. ಹಿಮ ಎಂಬುದನ್ನು ಮೊದಲ ಸಲ ಕಂಡದ್ದು ಅಲ್ಲಿ. ಬೂಟಿಗೆ ಉದ್ದನೆಯ ತೆಳು ಹಲಗೆ ಕಟ್ಟಿಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದು, ಹಿಮದ ಮೇಲೆ ಜಾರುತ್ತ ಮೈಲುಗಟ್ಟಲೆ ಓಡುವುದನ್ನು ಕಲಿಸಿದರು. ಗುಡ್ಡದ ತುದಿಯಿಂದ ಸುಯ್ಯನೆ ಇಳಿಯುವ ಶೋಕಿಯ ಸ್ಕೀ ಬೇರೆ. ನಮ್ಮದು ಬಯಲು, ಏರು, ಕಾಡು ಎಲ್ಲವನ್ನೂ ದಾಟುವ ಕತ್ತೆ ದುಡಿತ. ಉಸಿರು ಗಟ್ಟಿ ಇದ್ದವನು ಗೆಲ್ಲುತ್ತಾನೆ. ಬಿಸಿಲುನಾಡಿನವನಾದರೂ ನನ್ನ ಉಸಿರು ಗಟ್ಟಿ ಇತ್ತು. ಹೀಗಾಗಿ ಪಂದ್ಯದ ತಂಡಕ್ಕೆ ನನ್ನನ್ನೂ ಸೇರಿಸಿಕೊಂಡರು. ಉಳಿದವರೆಲ್ಲ ಹಿಮಾಚಲ, ಲಡಾಖ್ ಕಡೆಯವರು, ತೊಟ್ಟಿಲಿಂದಲೇ ಹಿಮ ಕಂಡವರು.

ಆ ವರ್ಷದ ಬೇಸಿಗೆಗೆ ನಮ್ಮ ತಂಡವನ್ನು ತರಬೇತಿಗೆಂದು ನಾರ್ವೆ ದೇಶಕ್ಕೆ ಕಳಿಸುವುದೆಂದಾಯಿತು. ಹೋಗುವ ಮುಂಚೆ ರಜೆಯ ಮೇಲೆ ಊರಿಗೆ ಬಂದಿದ್ದೆ. ಇಂಡಿಯಲ್ಲಿ ನಿಂಬೆ ತೋಟ ಮಾಡಿಕೊಂಡಿದ್ದ ನನ್ನ ಸೋದರಮಾವ ಆಗಲೇ ಮುದ್ದೇಬಿಹಾಳದ ಒಂದು ಕನ್ಯೆ ಗೊತ್ತು ಮಾಡಿಟ್ಟಿದ್ದ. ಹುಡುಗಿಯ ಅಪ್ಪನದು ಪೇಟೆಯಲ್ಲಿ ಕಾಳಿನ ಅಡತಿ ಅಂಗಡಿ. ನೋಡಲು ಹೋದಾಗ ಆಕೆ ಚಹಾ ತಂದಿಟ್ಟು, ತಲೆ ತಗ್ಗಿಸುವ ಬದಲು ನನ್ನನ್ನೇ ದಿಟ್ಟಿಸಿ ನೋಡಿದಳು. ನಾನೇ ತಲೆ ತಗ್ಗಿಸಿದೆ. ಅಲ್ಲಿಗೆ ನನ್ನ ಕಥೆ ಮುಗಿಯಿತು. ಮಾಡಿಕೊಂಡರೆ ಈಕೆಯನ್ನೇ ಎಂದು ನಿಶ್ಚಯ ಮಾಡಿಕೊಂಡೆ. ಸಕ್ಕರೆ ಹಂಚಿ ಮಾತು ಗಟ್ಟಿ ಮಾಡಿದರು. ದೀಪಾವಳಿ ಮುಗಿದ ಮೇಲೆ ಮದುವೆ ಎಂದಾಯಿತು.

ನಾರ್ವೆಯಲ್ಲಿ ಇಳಿದಾಗ ನಮಗೆಲ್ಲ ಒಂದೇ ಪ್ರಶ್ನೆ. ಎಲ್ಲೆಲ್ಲೂ ಹಸಿರು ಹುಲ್ಲು, ಹೂವು, ಬಿಸಿಲು. ಹಿಮ ಎಲ್ಲಿ? ನಮ್ಮ ತರಬೇತುದಾರ ಅರವತ್ತರ ಮುದುಕ, ಒಕ್ಕಲುತನದವನು, ಮಾತು ಬಲು ಕಡಿಮೆ. ಚಳಿಗಾಲದ ಪಂದ್ಯ ಗೆಲ್ಲುವುದು ಬೇಸಿಗೆಯ ಬೆವರಿನಿಂದ ಎಂದು ದುಭಾಷಿಯ ಕೈಲಿ ಹೇಳಿಸಿದ. ಮರುದಿನದಿಂದ ಆ ಬೆವರು ಹೇಗಿರುತ್ತದೆಂದು ತೋರಿಸಿದ.

ಡಾಂಬರು ರಸ್ತೆಯಲ್ಲಿ ಓಡಲು ಗಾಲಿ ಹಚ್ಚಿದ ಗಿಡ್ಡ ಸ್ಕೀ. ತೋಳಿನ ಬಲಕ್ಕೆ ಗಿಡಕ್ಕೆ ರಬ್ಬರ್ ಪಟ್ಟಿ ಕಟ್ಟಿ ಎಳೆಯುವುದು. ಬೆನ್ನಿನ ಬಲಕ್ಕೆ ಅವನ ಮನೆಯ ಕಟ್ಟಿಗೆಯನ್ನೆಲ್ಲ ನಮ್ಮಿಂದಲೇ ಕೊಯ್ಯಿಸಿದ, ಆ ಪುಣ್ಯಾತ್ಮ. ಎಲ್ಲಕ್ಕಿಂತ ಕಠಿಣವಾದದ್ದು ಗುಡ್ಡ ಏರುವುದು. ಎರಡೂ ಕೋಲು ಊರಿ, ಒಂದು ಕಾಲಿಂದ ಇನ್ನೊಂದು ಕಾಲಿಗೆ ನೆಗೆಯುತ್ತ ಏರಬೇಕು. ಹತ್ತಿ ಮುಟ್ಟಿದರೆ ಕೆಳಗಿಳಿದು ಮತ್ತೆ ಹತ್ತು ಎನ್ನುತ್ತಿದ್ದ. ಮೊದಲ ವಾರ ರಾತ್ರಿ ಹಾಸಿಗೆಯಲ್ಲಿ ಮಗ್ಗಲು ಬದಲಿಸಲೂ ಆಗದೆ ನರಳಿದೆ.

ನನ್ನ ಮಾನ ಉಳಿಸಿದ್ದು ಜವುಗು ನೆಲ. ಅಲ್ಲಿ ಕಾಡಿನ ನಡುವೆ ಮೊಣಕಾಲವರೆಗೆ ಹುಗಿಯುವ ಕೆಸರು. ಅದರೊಳಗೆ ಓಡಿ ಎಂದ ಮುದುಕ. ಗುಡ್ಡಗಾಡಿನ ಗೆಳೆಯರು ಕಾಲು ಅಪ್ಪಳಿಸಿ ಹೂತು ನಿಂತರು. ನಾನು ಎರಿ ಹೊಲದಲ್ಲಿ ಬೆಳೆದವನು. ಮಳೆಗಾಲದಲ್ಲಿ ನಮ್ಮ ಕರಿ ಮಣ್ಣು ಎಂಥವರ ಚಪ್ಪಲಿಯನ್ನೂ ನುಂಗಿಬಿಡುತ್ತದೆ. ಅಂಥ ಕೆಸರಿನಿಂದ ಹಿಮ್ಮಡಿ ಮೊದಲು ಸಡಿಲಿಸಿ, ಬೆರಳು ಕೆಳಗೆ ಮಾಡಿ ಕಾಲು ಕಿತ್ತುಕೊಳ್ಳಬೇಕೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಪಟಪಟನೆ ಆಚೆ ದಂಡೆ ಸೇರಿದೆ. ಮುದುಕ ಮೊದಲ ಸಲ ನಕ್ಕ. ಎಪ್ಪಾ, ಆ ದಿನ ನನಗಾದ ಸಮಾಧಾನ! ನನ್ನನ್ನು ವಾಪಸು ಕಳಿಸುತ್ತಾರೆ ಎಂಬ ಹೆದರಿಕೆ ಅವತ್ತೇ ಹೋಯಿತು.

ಆ ಹುರುಪಿನಲ್ಲೇ ಫೋಟೋ ತೆಗೆಸಿಕೊಂಡೆ. ಗುಡ್ಡ ಏರುವಾಗ ದುಭಾಷಿ ತನ್ನ ಕ್ಯಾಮೆರಾದಿಂದ ತೆಗೆದದ್ದು. ಅದರ ಜೊತೆ ಮನೆಗೆ ಕಾಗದವನ್ನೂ ಬರೆದೆ. ನಮ್ಮ ಮನೆಯವರಿಗೆ ಹಿಮವೇ ಗೊತ್ತಿಲ್ಲ, ಸ್ಕೀ ಎಂದರೆ ಏನು ತಿಳಿಯಬೇಕು ಎಂದು ಸರಳವಾಗಿ ಹೀಗೆ ಬರೆದೆ: ‘ಮೊದಮೊದಲು ಕಾಲು ಬಹಳ ನೋಯುತ್ತಿದ್ದವು. ಮಗ್ಗಲು ಬದಲಿಸಲೂ ಆಗುತ್ತಿರಲಿಲ್ಲ. ಈಗ ಎರಡು ಕೋಲು ಹಿಡಿದು ನಾನೇ ಗುಡ್ಡ ಏರುತ್ತೇನೆ. ಇಲ್ಲಿಯವರು ಚೆನ್ನಾಗಿ ಕಲಿಸುತ್ತಿದ್ದಾರೆ. ಗಾಲಿಯನ್ನೂ ಕೊಟ್ಟಿದ್ದಾರೆ. ಚಿಂತೆ ಮಾಡಬೇಡಿರಿ.’ ಈಗ ನೀವೇ ಹೇಳಿ, ಇದರಲ್ಲಿ ಒಂದಾದರೂ ಸುಳ್ಳು ಇದೆಯೇ?

ಸೆಪ್ಟೆಂಬರಿನಲ್ಲಿ ತರಬೇತಿ ಮುಗಿಯಿತು. ಚಳಿಗಾಲದ ಪಂದ್ಯದವರೆಗೆ ಮೈ ಸಡಿಲಾಗಬಾರದೆಂದು ಗಾಲಿ ಸ್ಕೀಯನ್ನೂ ಕೋಲುಗಳನ್ನೂ ಹೊತ್ತುಕೊಂಡೇ ರಜೆಗೆ ಊರಿಗೆ ಹೊರಟೆ. ರೈಲಿನಲ್ಲಿ ದಿನಗಟ್ಟಲೆ ಕುಳಿತು, ಬಿಜಾಪುರದಿಂದ ಕಿಕ್ಕಿರಿದ ಬಸ್ಸಿನಲ್ಲಿ ಟ್ರಂಕಿನ ಮೇಲೆ ಮುದುಡಿ ಕುಳಿತು, ನಮ್ಮೂರ ಕ್ರಾಸಿಗೆ ಬಂದಾಗ ಎರಡೂ ಕಾಲು ಜೋಮು ಹಿಡಿದಿದ್ದವು. ಕೋಲು ಊರಿಕೊಂಡು ಒಂದೊಂದೇ ಮೆಟ್ಟಿಲು ಇಳಿದೆ.

ಕ್ರಾಸಿನಲ್ಲಿದ್ದ ಮಂದಿಯೆಲ್ಲ ನನ್ನ ಕಡೆಗೇ ತಿರುಗಿದರು. ಬೀಡಿ ಸೇದುತ್ತಿದ್ದವರು ಬೀಡಿ ಕೆಳಗಿಟ್ಟರು. ಚಹಾದಂಗಡಿಯವನು, ನನ್ನನ್ನು ಚಿಕ್ಕಂದಿನಿಂದ ಬೈದೇ ಬೆಳೆಸಿದವನು, ತಾನೇ ಎದ್ದು ಬಂದು ರಟ್ಟೆ ಹಿಡಿದ.

“ಕುಂಡ್ರಪಾ, ಕುಂಡ್ರು. ಗಡಿಬಿಡಿ ಮಾಡಬ್ಯಾಡ. ಆರಾಮ್ ಕುಂಡ್ರು.”

ಚಹಾವನ್ನು ಕೈಗೇ ತಂದುಕೊಟ್ಟ. ಟ್ರಂಕು ಹೊರಲು ಇಬ್ಬರು ಮುಂದೆ ಬಂದರು. ವಿದೇಶಕ್ಕೆ ಹೋಗಿ ಬಂದವನೆಂದು ಎಂಥಾ ಮರ್ಯಾದೆ ನೋಡು ಎಂದು ನಾನು ಉಬ್ಬಿಹೋದೆ. ‘ಅಲ್ಲಿ ಮಂದಿ ಭಾಳ ಚಲೋ ಅದಾರ’ ಎಂದು ಗತ್ತಿನಿಂದ ಹೇಳತೊಡಗಿದರೆ, ಅವನು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. ನನ್ನ ಕಥೆ ಅಷ್ಟು ಮನಮುಟ್ಟುತ್ತಿದೆಯಲ್ಲ ಎಂದುಕೊಂಡೆ. ದಡ್ಡ ಶಿಖಾಮಣಿ ನಾನು.

ಮನೆಯ ಬಾಗಿಲಲ್ಲಿ ಅವ್ವ ತಂಬಿಗೆ ನೀರು ಹಿಡಿದು ನಿಂತಿದ್ದಳು. ಬಂದವರ ಕಾಲಿಗೆ ನೀರು ಕೊಡುವುದು ರೂಢಿ. ಆದರೆ ಅವತ್ತು ತಂಬಿಗೆ ನನ್ನ ಕೈಗೆ ಕೊಡದೆ ತಾನೇ ಕೆಳಗೆ ಕುಳಿತು ಬೂಟು ಬಿಚ್ಚಿದಳು. ಪ್ಯಾಂಟು ಮೇಲೆ ಸರಿಸಿ ಎಡ ಮೀನಖಂಡವನ್ನು ಚಿವುಟಿದಳು. ಆಮೇಲೆ ಬಲಗಾಲು, ರಕ್ತ ಬರುವ ಹಾಗೆ.

“ಅಯ್ಯೋ ಯವ್ವಾ! ಯಾಕ ಚೂಟತಿ?” ಎಂದು ಕಿರುಚಿದೆ.

“ನೋವಾತೇನೋ ತಮ್ಮಾ? ಖರೇನ ನೋವಾತೇನು?” ಎಂದಳು ಅವ್ವ. ನೋವಾಯಿತು ಎಂದದ್ದೇ ತಡ, ನನ್ನ ಎರಡೂ ಕಾಲು ತಬ್ಬಿಕೊಂಡು ಹೋ ಎಂದು ಅಳತೊಡಗಿದಳು. “ನೋವಾತಂತ, ನನ ಕಂದಗ! ಎರಡೂ ಕಾಲು ನೋವಾತಂತ! ಬಸವಣ್ಣಾ, ನೀನs ಕಾಪಾಡಿದೆಪಾ!”

ಒಳಗೆ ಕುಳಿತಿದ್ದ ಸೋದರಮಾವ ಫೋಟೋ ಹಿಡಿದುಕೊಂಡು ಹೊರಗೆ ಬಂದ. ಆಗ ಮೊದಲ ಸಲ ಸರಿಯಾಗಿ ನೋಡಿದೆ. ಮುಖ ಕಿವುಚಿಕೊಂಡಿದ್ದೇನೆ, ಕೈಯಲ್ಲಿ ಎರಡು ಕೋಲು, ಕೆಳಗೆ ಒಂದೇ ಕಾಲು. ಹಿಂದೆ ಮಡಚಿದ್ದ ಇನ್ನೊಂದು ಕಾಲನ್ನು ಒಂದು ಪೊದೆ ಮರೆಮಾಡಿದೆ. ಅದರ ಹಿಂದಿನ ವರ್ಷವಷ್ಟೇ ಕನ್ನೊಳ್ಳಿ ಕಡೆಯ ಒಬ್ಬ ಸಿಪಾಯಿ ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡು, ಇಂಥವೇ ಎರಡು ಕೋಲು ಊರಿಕೊಂಡು ಬಂದಿದ್ದ. ಸರ್ಕಾರ ಅವನಿಗೆ ಕಟ್ಟಿಗೆಯ ಕಾಲು ಕೂಡಿಸಿ, ನಡೆಯುವುದನ್ನು ಹೊಸದಾಗಿ ಕಲಿಸಿತ್ತು. ನನ್ನದೂ ಅದೇ ಗತಿ, ಹಡೆದವರಿಗೆ ಹೇಳಲಾರದೆ ವಿದೇಶದ ತರಬೇತಿ ಎಂದು ಮುಚ್ಚಿಟ್ಟಿದ್ದಾನೆ ಎಂದು ಇವರೆಲ್ಲ ಕೂಡಿ ತೀರ್ಮಾನ ಮಾಡಿದ್ದರು. ಅವ್ವ ಎರಡು ಸಲ ಬಸವನ ಬಾಗೇವಾಡಿಗೆ ಹೋಗಿ ಬೇಡಿಕೊಂಡು ಬಂದಿದ್ದಳು.

“ಕುಂಟಾಗಿಲ್ಲೋ ಮಾಮಾ, ಕುಂಟಾಗಿಲ್ಲ! ನೋಡಿಲ್ಲೆ!” ಎಂದು ಅಂಗಳದಲ್ಲಿ ಹತ್ತು ಸಲ ಜಿಗಿದು ತೋರಿಸಿದೆ.

“ನನಗ್ಯಾಕ ತೋರಸ್ತಿ? ಮುದ್ದೇಬಿಹಾಳದಾವ್ರಿಗೆ ತೋರಸು,” ಎಂದ ಮಾವ. “ನಾಳೆ ಬರಾಕತ್ತಾರ. ಮಾತು ವಾಪಸ್ ತಗೊಳ್ಳಾಕ.”

ಇಲ್ಲದ ಕುಂಟುತನಕ್ಕೆ ಗೊತ್ತಾದ ಹೆಂಡತಿ ಹೋಗುವ ಹೊತ್ತು. ಆ ಗಾಬರಿಯಲ್ಲಿ ಒಳಗೆ ಕಾಲಿಡುವಾಗ ಒಂದು ಸಂಗತಿ ವಿಚಿತ್ರವೆನಿಸಿತು. ನಮ್ಮ ತಲಬಾಗಿಲಿಗೆ ಹೊಸ್ತಿಲೇ ಇರಲಿಲ್ಲ. ತಾತನ ಕಾಲದ, ಗೇಣೆತ್ತರದ ಸಾಗವಾನಿ ಹೊಸ್ತಿಲು. ಅವ್ವ ದಿನಾ ಅರಿಶಿನ ಕುಂಕುಮ ಹಚ್ಚುತ್ತಿದ್ದದ್ದು. ಅದರ ಜಾಗದಲ್ಲಿ ಸಪಾಟು ನೆಲ, ನೆಲದ ಮೇಲೆಯೇ ಕುಂಕುಮ.

“ಹೊಸ್ತಿಲಾ ಎಲ್ಲಿ ಹೋತು ಅಪ್ಪಾ?” ಎಂದೆ.

ಕಂಬಕ್ಕೆ ಒರಗಿ ಕುಳಿತಿದ್ದ ಅಪ್ಪ ನನ್ನ ಕಾಲನ್ನೇ ನೋಡುತ್ತಿದ್ದ. ಎದ್ದು ದನದ ಕೊಟ್ಟಿಗೆಗೆ ಹೋದ. ಅಪ್ಪನ ಸ್ವಭಾವವೇ ಹಾಗೆ. ನಾನೂ ಕೆದಕಲಿಲ್ಲ.

ಮರುದಿನ ಹುಡುಗಿಯ ಅಪ್ಪ ಬಂದರು, ಜೊತೆಗೆ ಅವರ ತಾಯಿ, ಎಂದರೆ ಹುಡುಗಿಯ ಆಯಿ. ನಾನು ಸೆಟೆದು ನಡೆದು ಹೋಗಿ ಕಾಲಿಗೆ ಬಿದ್ದೆ. ಹುಡುಗಿಯ ಅಪ್ಪನ ಮುಖ ಸಡಿಲಾಗಲಿಲ್ಲ.

“ತಪ್ಪು ತಿಳೀಬ್ಯಾಡ್ರಿ. ಈಗಿನ ಕಟಗಿ ಕಾಲು ಪ್ಯಾಂಟಿನಾಗ ಗೊತ್ತs ಆಗೂದಿಲ್ಲಂತ,” ಎಂದರು.

ಮರ್ಯಾದೆ ಇಲ್ಲದಿದ್ದರೆ ಅಲ್ಲೇ ಪ್ಯಾಂಟು ತೊಡೆಯವರೆಗೆ ಏರಿಸಿ ತೋರಿಸುತ್ತಿದ್ದೆ. ಹಿರಿಯ ಹೆಣ್ಣುಮಕ್ಕಳ ಮುಂದೆ ಅದು ಆಗುವ ಮಾತಲ್ಲ. ನಾರ್ವೆಯಲ್ಲಿ ಕಲಿತದ್ದನ್ನೇ ತೋರಿಸುತ್ತೇನೆಂದು ಎಲ್ಲರನ್ನೂ ಸಿಂದಗಿಯ ಡಾಂಬರು ರಸ್ತೆಗೆ ಕರೆದೊಯ್ದೆ. ಗಾಲಿ ಸ್ಕೀ ಕಟ್ಟಿ, ಕೋಲು ಊರಿ, ಏರು ರಸ್ತೆಯಲ್ಲಿ ಒಂದೇ ಉಸಿರಿಗೆ ಓಡಿದೆ. ಅರ್ಧ ಊರು ಹಿಂದೆ ಓಡಿ ಬಂತು. ತಿರುಗಿ ಬಂದು ಆಯಿಯ ಮುಂದೆ ನಿಂತು ಬೀಗಿದೆ.

ಆಯಿ ಒಂದಿಷ್ಟೂ ಅಲುಗಾಡಲಿಲ್ಲ. “ಗಾಲಿ ಅದಾವ, ಕೋಲು ಅದಾವ. ಕಾಲಿನ ಕೆಲಸ ಏನೈತಿ ಇದರಾಗ? ಕೋಲು ಬಿಡು, ನೋಡೂಣು,” ಎಂದಳು.

ಕೋಲು ಬಿಟ್ಟೆ. ಬಿಡಬಾರದಿತ್ತು. ಆ ಗಾಲಿಗೆ ಬ್ರೇಕು ಇಲ್ಲ, ಇಳಿಜಾರು ಬೇರೆ. ಗಾಲಿ ತಮ್ಮಷ್ಟಕ್ಕೆ ಓಡಿದವು. ನಾನು ಗಾಳಿಯಲ್ಲಿ ಕೈ ಬಡಿಯುತ್ತ ರಸ್ತೆ ಬಿಟ್ಟು, ಬದುವಿನ ಮೇಲಿಂದ ಹಾರಿ, ಹಿಂದಿನ ರಾತ್ರಿಯ ಮಳೆಗೆ ನೆನೆದಿದ್ದ ಎರಿ ಹೊಲದ ನಡುವೆ ಧಡ್ ಎಂದು ಬಿದ್ದೆ. ಬಾಯಿ, ಮೂಗು ಎಲ್ಲ ಕೆಸರು. ಹೋಯಿತು ಮದುವೆ ಎಂದುಕೊಂಡೆ.

ಸಿಟ್ಟಿನಿಂದ ಗಾಲಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಎದ್ದೆ. ಮೊಣಕಾಲವರೆಗೆ ಕೆಸರು. ಹಿಮ್ಮಡಿ ಸಡಿಲಿಸಿ, ಬೆರಳು ಕೆಳಗೆ ಮಾಡಿ, ಜವುಗಿನಲ್ಲಿ ಓಡಿದ ಹಾಗೆಯೇ ದಾಪುಗಾಲು ಹಾಕಿ ಹೊಲ ದಾಟಿ ಬಂದೆ. ಯಾರ ಮುಖವನ್ನೂ ನೋಡಲಿಲ್ಲ.

“ನಿಲ್ಲೋ!” ಎಂದು ಕೂಗಿದಳು ಆಯಿ. ಎಲ್ಲರೂ ನಿಂತರು. ಆಕೆ ಮಗನ ಕಡೆ ತಿರುಗಿದಳು. “ಎರಿ ಕೆಸರಾಗ ಕಟಗಿ ಕಾಲು ಹೋದ್ರ ಅಲ್ಲೇ ಉಳೀತೈತಿ, ಮ್ಯಾಲ ಬರೂದಿಲ್ಲ. ಇವು ಹಡದವ್ವ ಕೊಟ್ಟ ಕಾಲು. ನಡಿ, ಮದುವಿ ತಯಾರಿ ಮಾಡು. ಹುಡುಗಿ ಎಂಟು ದಿನದಿಂದ ಸರಿಯಾಗಿ ಉಂಡಿಲ್ಲ.”

ಎಂಟು ದಿನದಿಂದ ಉಂಡಿಲ್ಲ ಎಂಬ ಮಾತು ಕೇಳಿ ನನಗೆ ಕೆಸರಲ್ಲೇ ಕುಣಿಯಬೇಕೆನಿಸಿತು. ಮಾವ ಮಾತ್ರ, ‘ನಾ ಮೊದಲs ಹೇಳಿದ್ನಲ್ಲ, ಹುಡುಗಗ ಏನೂ ಆಗಿಲ್ಲಂತ’ ಎಂದು ಎಲ್ಲರ ಮುಂದೆ ಹೇಳುತ್ತ ಓಡಾಡಿದ. ನಾಚಿಕೆ ಇಲ್ಲದವ.

ಬೀಗರು ಉಂಡು ಹೋದ ಮೇಲೆ ಅಪ್ಪ ಬಡಿಗನನ್ನು ಕರೆತಂದ. ಬಾಗಿಲಿಗೆ ಅಳತೆ ಹಿಡಿಸುತ್ತ ಇದ್ದಕ್ಕಿದ್ದಂತೆ ನನ್ನ ಮೇಲೆ ಹರಿಹಾಯ್ದ.

“ಎರಡೂ ಕಾಲು ನೆಟ್ಟಗ ಇದ್ರ ನೆಟ್ಟಗ ಬರಿಯಾಕ ಏನಾಗಿತ್ತಲೇ ನಿನಗ? ನಮ್ಮಪ್ಪ ಕೂಡಿಸಿದ ಹೊಸ್ತಿಲಾ! ನನ ಕೈಲೆ ಕಡದು ತಗದೀನಿ. ನೀ ಎಡವಿ ಬೀಳಬಾರದಂತ... ನನ ಕೈಲೆ...”

ಬಡಿಗ ತಲೆ ತಗ್ಗಿಸಿ ಗೆರೆ ಎಳೆಯುತ್ತ ಕುಳಿತ. ಲಕ್ಷ್ಮಿ ಇರುವ ಜಾಗವೆಂದು ನಮ್ಮಲ್ಲಿ ಹೊಸ್ತಿಲನ್ನು ಯಾರೂ ತುಳಿಯುವುದು ಕೂಡ ಇಲ್ಲ. ಅಂಥದ್ದರ ಮೇಲೆ ಅಪ್ಪನ ಕೊಡಲಿ ಬಿದ್ದಿತ್ತು.

ಮದುವೆಗೆ ಮೊದಲು ಹೊಸ ಹೊಸ್ತಿಲು ಕೂತಿತು. ಹಳೆಯದಕ್ಕಿಂತ ನಾಲ್ಕು ಬೆರಳು ಎತ್ತರ. ಇಷ್ಟು ಎತ್ತರ ಯಾಕೆ, ಸೊಸೆ ಸೇರು ಒದ್ದು ಒಳಗೆ ಬರುವಾಗ ಸೀರೆ ತೊಡರೀತು ಎಂದು ಅವ್ವ ಗೊಣಗಿದಳು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಕಂಬಕ್ಕೆ ಒರಗಿ ಕುಳಿತು ನನ್ನನ್ನು ಕರೆದ.

“ದಾಟು,” ಎಂದ.

ದಾಟಿದೆ. ಮೊದಲು ಬಲಗಾಲು, ಆಮೇಲೆ ಎಡಗಾಲು.

ಅಪ್ಪ ಎರಡನ್ನೂ ನೋಡಿದ. ಧೋತರದ ಚುಂಗಿನಿಂದ ಮುಖ ಒರೆಸಿಕೊಂಡ.

“ಇನ್ನೊಮ್ಮಿ ದಾಟಲೇ,” ಎಂದ.