ಶಿವವ್ವನ ಸೆರಗು

ಹುಕ್ಕೇರಿಯ ಸೊಸೆ ನೇತ್ರಾಳ ಕೂಸು ಬೋರಲು ಬೀಳುವಷ್ಟು ದೊಡ್ಡದಾದರೂ ತವರಿನ ಕೌದಿ ಬಂದಿರಲಿಲ್ಲ. ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿಸಿ ಮೊಮ್ಮಗುವಿಗೆ ಹಾಸಲು ಕೊಡಬೇಕಾದವಳು ತಾಯಿ. ಆ ತಾಯಿ, ಶಿವವ್ವ, ತೀರಿಕೊಂಡು ವರ್ಷವಾಗಿತ್ತು. ಉಳಿದದ್ದು ಒಂದೇ ಹಸಿರು ಸೀರೆ, ಅದೂ ಪಾಲಿಸ್ಟರ್. ಕಬ್ಬಿನ ಹೊಲದಲ್ಲಿ ದುಡಿದವಳಿಗೆ ಬೇಗ ಒಣಗುವ ಸೀರೆಯೇ ಬೇಕಿತ್ತು.

ಕಲ್ಲೋಳಿಯಲ್ಲಿ ಕೌದಿ ಹೊಲಿಯುವ ರಾಮವ್ವನ ಬಾಯಿ ಜೋರು, ಮನಸ್ಸು ಬೆಣ್ಣೆ. ಅವಳು ಸೀರೆಯ ಮೇಲೆ ನೀರು ಚಿಮುಕಿಸಿ ನೋಡಿದಳು. ಹನಿ ಒಳಗಿಳಿಯದೆ ಉರುಳಿ ಹೋಯಿತು.

“ಇದು ಬ್ಯಾಡವಾ. ಕೂಸು ಉಚ್ಚಿ ಹೊಯ್ದ್ರ ಹಸಿ ಹಾಸಿಗ್ಯಾಗ ಮಲಗಬೇಕಾಕ್ಕತಿ.”

“ಅವ್ವಂದು ಇದೊಂದ ಉಳದೈತಿ, ಆಯಿ.”

“ಖರೆ. ಆದ್ರ ಕೂಸಿಗೆ ಅದೆಲ್ಲಾ ತಿಳಿತೈತೇನ?”

ನೇತ್ರಾ ಸೀರೆಯ ಸೆರಗನ್ನು ಕೈಗೆತ್ತಿಕೊಂಡಳು. ಚಿಕ್ಕವಳಿದ್ದಾಗ ಅತ್ತರೆ ಅವ್ವ ಇದೇ ಸೆರಗಿನಿಂದ ಕಣ್ಣೊರೆಸುತ್ತಿದ್ದಳು. ಪಾಲಿಸ್ಟರ್ ಅಷ್ಟು ಸುಲಭಕ್ಕೆ ಹರಿಯುವುದೇ! ಆ ಹಾಳು ಬಟ್ಟೆ ಕಣ್ಣೀರನ್ನು ಕೆನ್ನೆತುಂಬ ಹರಡುತ್ತಿತ್ತೇ ಹೊರತು ಹೀರುತ್ತಿರಲಿಲ್ಲ. ಕೊನೆಗೆ ಅವ್ವನ ಒರಟು ಅಂಗೈಯೇ ಬರಬೇಕಿತ್ತು.

ನೇತ್ರಾ ನಿಡಸೋಸಿ ಬಳಿಯ ಕಾಲೇಜೊಂದರ ರಸಾಯನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಪಾಲಿಸ್ಟರ್ ಎಳೆಯ ಮೈಮೇಲೆ ನೀರಿಗೆ ಹಿಡಿದು ನಿಲ್ಲಲು ಜಾಗವಿಲ್ಲ. ಬಿಸಿ ಕಾಸ್ಟಿಕ್ ಸೋಡಾ ನೀರಿನಲ್ಲಿಟ್ಟರೆ ಮೇಲ್ಮೈಯ ಉದ್ದನೆಯ ಅಣುಸರಪಳಿಗಳು ಅಲ್ಲಲ್ಲಿ ತುಂಡಾಗುತ್ತವೆ, ಆ ತುದಿಗಳಿಗೆ ನೀರೆಂದರೆ ಪ್ರೀತಿ. ಹೊತ್ತು ಮೀರಿದರೆ ಮಾತ್ರ ಬಟ್ಟೆಯೇ ಸವೆದುಹೋಗುತ್ತದೆ.

ಮೇಲಿನವರ ಒಪ್ಪಿಗೆ ಕೇಳಿ, ಅಂಚಿನ ತುಣುಕೊಂದನ್ನು ಮೊದಲು ಹಾಕಿ ನೋಡಿದಳು. ಮುಟ್ಟಿದರೆ ಹರಿಯಿತು. ಇನ್ನೊಂದು ತುಣುಕಿಗೆ ಸೋಡಾ ಕಡಿಮೆ ಮಾಡಿ, ಬೇಗ ತೆಗೆದಳು. ಅದು ಗಟ್ಟಿಯಾಗಿಯೇ ಉಳಿಯಿತು. ಆಮೇಲೆ ದೇವರ ಮೇಲೆ ಭಾರ ಹಾಕಿ ಸೆರಗನ್ನೇ ಇಳಿಸಿದಳು.

ಮತ್ತೆ ಮತ್ತೆ ಜಾಲಿಸಿ ಒಣಗಿಸಿದ ಸೆರಗನ್ನು ಮೂಗಿಗೆ ಹಿಡಿದಾಗ ಕಳೆದುಕೊಂಡದ್ದು ತಿಳಿಯಿತು. ಒಲೆಯ ಹೊಗೆ, ಎಲೆಅಡಿಕೆ, ವಿಭೂತಿ ಸೇರಿದ ಅವ್ವನ ವಾಸನೆ ಹೋಗಿಬಿಟ್ಟಿತ್ತು.

ಕಲ್ಲೋಳಿಯಲ್ಲಿ ರಾಮವ್ವ ಮತ್ತೆ ನೀರು ಚಿಮುಕಿಸಿದಳು. ಹನಿ ಅಗಲವಾಗಿ ಹರಡಿ ಒಳಗಿಳಿಯಿತು.

“ಅಯ್ಯ ನಮ್ಮವ್ವಾ, ಕುಡೀತ ನೋಡ! ಇದನ್ನ ಮ್ಯಾಲಿನ ಪದರ ಮಾಡಿ ನಾಳೆನ ಹೊಲಿಯಾಕ ಹಚ್ಚತೇನಿ.”

“ಅವ್ವನ ವಾಸನಿ ಹೋತು, ಆಯಿ,” ಎಂದ ನೇತ್ರಾ ಬಿಕ್ಕಿ ಬಿಕ್ಕಿ ಅತ್ತಳು.

ರಾಮವ್ವ ಅದೇ ಸೆರಗನ್ನು ಎತ್ತಿ ನೇತ್ರಾಳ ಮುಖ ಒರೆಸಿದಳು. ನೇತ್ರಾ ಕೆನ್ನೆ ಮುಟ್ಟಿಕೊಂಡಳು. ಒಣಗಿತ್ತು. ಅವ್ವನ ಸೆರಗು ಮೊದಲ ಸಲ ಅವಳ ಕಣ್ಣೀರನ್ನೆಲ್ಲ ತೆಗೆದುಕೊಂಡಿತ್ತು.