ಹಸಿರು ಬೂಷ್ಟಿನ ಆರು ಸಾಲು

ನಮ್ಮಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ. ಚಿಕ್ಕಂದಿನಲ್ಲಿ ಜಡೆ ಎಳೆದೆನೆಂದು ನನ್ನ ಹಲ್ಲು ಉದುರಿಸಿದವಳು. ಅಂಥವಳಿಗೆ ಭಾವ ಗಂಟುಬಿದ್ದರು, ಅವರಿಗೂ ಮಾತಿಗಿಂತ ಕೈ ಮುಂದು. ಸರಿಯಾದ ಈಡುಜೋಡು! ಆ ಮನೆಯಲ್ಲಿ ಸೊಟ್ಟಗಾಗದ ತಟ್ಟೆ ಒಂದೂ ಇರಲಿಲ್ಲ.

ಅವರದು ಸ್ಟ್ರಾಬೆರಿ ತೋಟ, ಪ್ಲಾಸ್ಟಿಕ್ ಚಪ್ಪರದ ಕೆಳಗೆ. ವರ್ಷವೂ ಬೂದು ಬೂಷ್ಟು ಬಂದು ಹಣ್ಣನ್ನು ಗಿಡದಲ್ಲೇ ಕೊಳೆಸುತ್ತಿತ್ತು. ಭಾವ ವಿಷ ಹೊಡೆದರು, ಅದು ಜಗ್ಗಲಿಲ್ಲ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುತ್ತೇನೆಂದು ಅಕ್ಕ ಹೊರಟಳು. ಬೆಂದ ಜೋಳದ ಮೇಲೆ ಹಸಿರು ಬೂಷ್ಟು ಬೆಳೆಸಿ, ನೀರಿಗೆ ಕದಡಿ ಗಿಡಗಳಿಗೆ ಹೊಡೆದಳು. ಜೀವ ಇರುವ ಮದ್ದು ಅದು, ವಿಷ ಸೋಕಿದರೆ ಸಾಯುತ್ತದೆ. ಬೂದು ಬೂಷ್ಟನ್ನು ಸುತ್ತಿಕೊಂಡು ತಿಂದುಹಾಕುತ್ತದೆ. ಜನ ಅವಳನ್ನು ಬೂಷ್ಟಕ್ಕ ಎಂದು ಕರೆದು ನಕ್ಕರು.

"ಆರು ಸಾಲು ನಿಂಗೆ. ಕೊಳೆತ್ವೋ, ಎಲ್ಲ ಕಿತ್ತು ಬಿಸಾಕ್ತೀನಿ. ಆಮೇಲೆ ತೋಟದ ಕಡೆ ತಲೆ ಹಾಕ್ಬೇಡ," ಎಂದರು ಭಾವ.

ಎರಡು ಸಲ ಹೊಡೆದಾಗ ಹಣ್ಣು ಕೆಂಪಗೆ ನಿಂತಿತು. ಅಕ್ಕ ಹಾಡುತ್ತಾ ಓಡಾಡಿದಳು. ಮೂರನೇ ಸಲ ಹೊಡೆದ ಹತ್ತೇ ದಿನಕ್ಕೆ ಆರೂ ಸಾಲಿಗೆ ಬೂದಿ ಮೆತ್ತಿದಂತಾಯಿತು.

"ಕದ್ದು ವಿಷ ಹೊಡ್ದಿದ್ದೀಯ, ಪಾಪಿ! ನನ್ನ ಮದ್ದನ್ನ ಕೊಂದೆ!"

"ನಾನು ಮುಟ್ಟೇ ಇಲ್ಲ ಕಣೇ," ಎಂದು ಭಾವ ನಕ್ಕರು.

ಆ ನಗುವನ್ನು ಅವಳಿಗೆ ತಡೆಯಲಾಗಲಿಲ್ಲ. ಸ್ಪ್ರೇ ಕೋಲು ಬೀಸಿದಳು. ಅದರ ಹಿತ್ತಾಳೆ ಮೂತಿ ಭಾವನ ಎಡಗಣ್ಣಿಗೇ ಹೊಕ್ಕಿತು. ಭಾವ ಅವಳ ಕುತ್ತಿಗೆ ಹಿಡಿದು ಸಾಲಿನ ಮೇಲೆ ಕೆಡವಿ ಹಿಸುಕಿದರು. ಹಣ್ಣು ಕೀಳಲು ಹೋಗಿದ್ದ ನಾನು ಸಲಿಕೆಯ ಕಾವಿನಿಂದ ಅವರ ಬೆನ್ನಿಗೆ ನಾಲ್ಕು ಬಿಗಿದ ಮೇಲೇ ಬಿಟ್ಟರು. ರಕ್ತ ಯಾವುದು, ಹಣ್ಣಿನ ರಸ ಯಾವುದು ತಿಳಿಯಲಿಲ್ಲ. ಕಣ್ಣು ಹೋಯಿತು.

ಮಾರನೇ ದಿನ ಅಕ್ಕ ಔಷಧಿ ಕ್ಯಾನಿನ ಮುಚ್ಚಳ ತೆಗೆದಳು. ವಿಷದ ಘಾಟು ಮುಖಕ್ಕೆ ಹೊಡೆಯಿತು. ತನ್ನ ಕ್ಯಾನು ಸೋರುತ್ತದೆಂದು, ಮೂರನೇ ಸಲ ಭಾವನ ವಿಷದ ಕ್ಯಾನಿಗೇ, ತೊಳೆಯದೆ, ಮದ್ದು ತುಂಬಿಕೊಂಡಿದ್ದು ಆಗ ನೆನಪಾಯಿತು. ನನ್ನನ್ನು ಕರೆದು ತೋರಿಸಿದಳು, ಭಾವನಿಗೆ ಹೇಳಿಬಿಡುತ್ತೇನೆ ಎಂದಳು.

"ಹೇಳ್ಬೇಡ ಅಕ್ಕ, ಯಾರಿಗೂ ಗೊತ್ತಿಲ್ಲ," ಎಂದೆ.

ಅವಳು ಕೇಳಬೇಕಲ್ಲ! ಆಸ್ಪತ್ರೆಗೆ ಹೋಗಿ, ಭಾವನ ಕಾಲು ಹಿಡಿದು, ಎಲ್ಲ ಹೇಳಿ ಗೋಳೋ ಎಂದು ಅತ್ತಳು.

"ನೀನು ತುಂಬ್ತಿದ್ದಾಗ್ಲೇ ನೋಡ್ದೆ," ಎಂದರು ಭಾವ. "ಹಾಳಾಗ್ಲಿ ಅಂತ ಸುಮ್ನಿದ್ದೆ."

ಅಕ್ಕ ಅವರ ಕಾಲು ಬಿಟ್ಟು ಎದ್ದು ಬಂದಳು. ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದು ಬಿಕ್ಕಿದಳು:

"ಇನ್ನೊಂದು ಕಣ್ಣೂ ತೆಗೀಬೇಕಿತ್ತು ಕಣೇ."