ಗುರುವಾರ ಬರೆಯದ ಸಾಲು

ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ಈಚೆಗೆ ನನಗೆ ಎರಡು ಕೈ, ಒಂದು ಒದ್ದೆ ಬಟ್ಟೆ ಮತ್ತು ಕೊಂಚ ದೈವಕೃಪೆ ಬೇಕಾಗುತ್ತದೆ. ಬಲಗೈ ಹೆಬ್ಬೆರಳಿನ ಬುಡ ಸವೆದಿದೆ. ಹತ್ತು ಹನ್ನೆರಡು ವರ್ಷ ಪರರ ಭುಜ, ಬೆನ್ನು, ಮೀನಖಂಡಗಳನ್ನು ಒತ್ತಿ ಒತ್ತಿ ಅವರ ನೋವನ್ನು ಹೊರಗೆ ಕಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅದರಲ್ಲೊಂದಿಷ್ಟು ದಾರಿ ತಪ್ಪಿ ನನ್ನ ಬೆರಳಿನಲ್ಲೇ ಬಿಡಾರ ಹೂಡಿದಂತಿದೆ. ಫಿಸಿಯೋಥೆರಪಿಯವರ ಪಾಡೇ ಇದು ಗೆಳೆಯರೇ. ಮೈಗಳು ಬರುತ್ತವೆ, ಮಲಗುತ್ತವೆ, ಎದ್ದು ಹೋಗುತ್ತವೆ. ಮುಖ ಮರೆತರೂ ಯಾರ ಮಂಡಿ ಯಾವ ಕೋನದಲ್ಲಿ ಹಟ ಹಿಡಿಯುತ್ತಿತ್ತೆಂಬುದು ಬೆರಳಿಗೆ ನೆನಪಿರುತ್ತದೆ. ಹಾಗೆ ನೆನಪಿನಲ್ಲಿ ಉಳಿದ ಒಂದು ಮೈಯ ಕತೆಯನ್ನು ಹೇಳಬೇಕೆಂದು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ, ದಣಿವೆಂದು ಮುಂದೂಡುತ್ತಿದ್ದೆ. ಅವನ ನಿಜವಾದ ಹೆಸರು ಬೇಡ; ಕ್ಲೇಟನ್ ಎನ್ನೋಣ.

ಅವನನ್ನು ಮೊದಲು ಕಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಡಲ್ಲಾಸ್‌ನಲ್ಲಿ. ಮೈಸೂರಿನಲ್ಲಿ ಓದಿದ್ದು ಸಾಲದೆಂದು ಇಲ್ಲಿ ಮತ್ತೆ ಓದಿ, ಒಂದು ಕ್ಲಿನಿಕ್‌ನಲ್ಲಿ ಹೊಸದಾಗಿ ಸೇರಿದ್ದೆ. ಕ್ಲೇಟನ್‌ಗೆ ಆಗ ಇಪ್ಪತ್ತಮೂರು. ಆಸ್ಟಿನ್‌ನ ಆಚೆ ಟೇಲರ್ ಎಂಬ ಚಿಕ್ಕ ಊರಿನವನು, ಅಪ್ಪ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದವರು. ಆಸ್ಟಿನ್‌ನಲ್ಲಿ ಕಾಲೇಜು ತಂಡಕ್ಕೆ ಆಡಿ, ಡಲ್ಲಾಸ್‌ನಲ್ಲಿ ವೃತ್ತಿಪರ ಫುಟ್‌ಬಾಲ್ ಆಟಗಾರನಾಗಿದ್ದ. ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ತೊಟ್ಟು ಗುದ್ದಾಡುವ ಅಮೆರಿಕದವರ ಫುಟ್‌ಬಾಲ್. ಪಾದದ ಹರಡು ಉಳುಕಿಸಿಕೊಂಡು ಬಂದಿದ್ದವನ ಕಾಲು ಮೇಜಿನ ಉದ್ದಕ್ಕೆ ಸಾಲದೆ, ಕೊನೆಗೊಂದು ಸ್ಟೂಲು ಇಡಬೇಕಾಯಿತು.

ನನಗೆ ಆ ಆಟದ ಗಂಧಗಾಳಿ ಇರಲಿಲ್ಲ. ಅವನು ಸುತ್ತಿಟ್ಟ ಟವೆಲ್‌ಗಳನ್ನು ಸಾಲಾಗಿ ಜೋಡಿಸಿ, ಸಾಲಿನ ತುದಿಯ ಟವೆಲ್ ಮೇಲೆ ಬೆರಳಿಟ್ಟ. ಅವನ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಇದು ನಾನು, ಟೈಟ್ ಎಂಡ್. ಒಂದ್ಸಲ ಎದುರಿನವರನ್ನ ತಡೆದು ನಿಲ್ಲಿಸ್ಬೇಕು, ಇನ್ನೊಂದ್ಸಲ ಓಡಿಹೋಗಿ ಚೆಂಡು ಹಿಡೀಬೇಕು. ನನಗೆ ಬಂದಿದ್ದು ಜಾಸ್ತಿ ತಡೆಯೋ ಕೆಲಸನೇ. ಸರಿಯಾಗಿ ತಡೆದ್ರೆ ನನ್ನನ್ನ ಯಾರೂ ನೋಡಲ್ಲ ಮ್ಯಾಮ್. ತಪ್ಪಿದ್ರೆ ಮಾತ್ರ ಊರೆಲ್ಲಾ ನೋಡುತ್ತೆ."

ನನ್ನ ಕೆಲಸವೂ ಹಾಗೆಯೇ ಎಂದೆ. ಇಬ್ಬರೂ ನಕ್ಕೆವು. ಆಗ ನಗಲು ಶಕ್ತಿಯಿತ್ತು.

ಮುಂದೆ ನಾನು ಮದುವೆಯಾಗಿ ಹ್ಯೂಸ್ಟನ್‌ಗೆ ಶಿಫ್ಟ್ ಆದೆ. ಕೆಲವು ವರ್ಷಗಳ ಮೇಲೆ ಡಲ್ಲಾಸ್ ತಂಡದವರು ಅವನನ್ನು ಕೈಬಿಟ್ಟರು. ತಂಡದ ಕೋಣೆಯ ಬೀರುವಿನಲ್ಲಿದ್ದ ಸಾಮಾನನ್ನೆಲ್ಲ ಕಸದ ಚೀಲವೊಂದಕ್ಕೆ ತುಂಬಿಕೊಂಡು ಅರ್ಧ ಗಂಟೆಯಲ್ಲಿ ಹೊರಬಿದ್ದೆನೆಂದು ಅವನೇ ನಂತರ ಹೇಳಿದ. ಹ್ಯೂಸ್ಟನ್ ತಂಡ ಸೇರಿ, ತಂಡದವರು ಕಳಿಸಿದ್ದರಿಂದ ನಾನಿದ್ದ ಕ್ಲಿನಿಕ್‌ಗೇ ಬಂದ. ಮುಖಕ್ಕಿಂತ ಮೊದಲು ಹರಡಿನ ಗುರುತು ಸಿಕ್ಕಿತು. ಇನ್ನೂ ಮೂವತ್ತು ತುಂಬದ ಅವನ ಮೈಗೆ ಐವತ್ತಾಗಿತ್ತು. ಎದ್ದು ಕೂರುವಾಗ ಮೊದಲು ಒಂದು ಕೈ, ಆಮೇಲೆ ಒಂದು ಮೊಣಕಾಲು, ಹೀಗೆ ತನ್ನನ್ನು ಕಂತುಕಂತಾಗಿ ಎತ್ತಿಕೊಳ್ಳುತ್ತಿದ್ದ.

ಆ ವರ್ಷ ಅಮ್ಮ ಮೈಸೂರಿನಿಂದ ಬಂದು ನಮ್ಮೊಡನಿದ್ದರು. ಭಾನುವಾರ ಟಿವಿಯಲ್ಲಿ ಪಂದ್ಯ ಬಂದಾಗ ಅವನನ್ನು ತೋರಿಸಿ, ಅವನ ಪಾತ್ರ ವಿವರಿಸಿದೆ. ಅಮ್ಮ ಅವರೆಕಾಳು ಬಿಡಿಸುತ್ತ ಸ್ವಲ್ಪ ಹೊತ್ತು ನೋಡಿ, "ಗೊತ್ತಾಯ್ತು ಬಿಡೇ. ಮದುವೆ ಮನೇಲಿ ಬಡಿಸೋಕೂ ಅವರೇ, ಎಲೆ ಎತ್ತೋಕೂ ಅವರೇ ಅಂತ ಕೆಲವರು ಇರ್ತಾರಲ್ಲ, ಆ ಪೈಕಿ ಇವನು. ಫೋಟೋದಲ್ಲಿ ಮಾತ್ರ ಇರೋಲ್ಲ," ಎಂದರು. ಆ ಆಟದ ಪಂಡಿತರು ಗಂಟೆಗಟ್ಟಲೆ ಹೇಳಿದ್ದೂ ನನಗೆ ಇಷ್ಟು ತಿಳಿಯಾಗಿ ಅರ್ಥವಾಗಿರಲಿಲ್ಲ.

ಆ ವರ್ಷದ ಆಟದ ಋತುವಿನ ಕೊನೆಯಲ್ಲಿ, ಇನ್ನು ಮೂರೇ ಪಂದ್ಯ ಉಳಿದಿದ್ದಾಗ, ಒಂದು ಗುರುವಾರ ಸಂಜೆ ಅವನು ಭುಜ ಬಿಗಿದಿದೆಯೆಂದು ಬಂದ. ಅಂದಿನ ಒಂಬತ್ತನೆಯ ರೋಗಿ. ಅವನ ಕತ್ತು ತಿರುಗಿಸಿ ನೋಡುತ್ತಿದ್ದಾಗ ನರದ ತೊಂದರೆಯಿರಬಹುದೆಂದು ಅನುಮಾನವಾಗಿ, ಅವನಿಗೆ ಕಣ್ಣು ಮುಚ್ಚಲು ಹೇಳಿ ಬಲಗೈ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದೆ.

"ಯಾವ ಬೆರಳು ಮುಟ್ತಿದೀನಿ?"

"ಈಗ ಮುಟ್ತಿದೀರಾ?" ಎಂದ. ನಾನು ಕಿರುಬೆರಳನ್ನು ಚಿವುಟಿ ಹಿಡಿದಿದ್ದೆ.

"ಎಷ್ಟು ದಿನದಿಂದ ಹೀಗಿದೆ?"

"ಒಂದು ತಿಂಗಳು. ಮ್ಯಾಮ್, ಇದನ್ನ ಬರೀಬೇಡಿ."

ಪ್ರತಿ ಭೇಟಿಯ ನಂತರ ನಾನು ತುಂಬುವ ಹಾಳೆ ತಂಡದ ವೈದ್ಯರಿಗೆ ಹೋಗುತ್ತಿತ್ತು. ಕತ್ತಿನ ನರಕ್ಕೆ ಪೆಟ್ಟಾಗಿದೆಯೆಂಬ ಒಂದು ಸಾಲು ಕಂಡರೆ ಅವರು ಅಂದೇ ಅವನನ್ನು ಹೊರಗೆ ಕೂರಿಸುತ್ತಿದ್ದರು.

"ಡಲ್ಲಾಸ್‌ನಲ್ಲಿ ಯಾರೋ ನನ್ನನ್ನ ನಿಲ್ಲಿಸಿದ್ರು. ಇಲ್ಲಿ ನಾನಾಗಿ ನಿಲ್ಲಿಸ್ತೀನಿ. ಇನ್ನು ಮೂರು ವಾರ. ಆಮೇಲೆ ನೀವು ಏನು ಬೇಕಾದ್ರೂ ಬರೀರಿ," ಎಂದ. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಬೇಡಿಕೊಂಡದ್ದನ್ನು ನಾನು ಕೇಳಿರಲಿಲ್ಲ.

'ಭುಜದ ಬಿಗಿತ, ಸುಧಾರಿಸುತ್ತಿದೆ' ಎಂದಷ್ಟೇ ಬರೆದು ಸಹಿ ಹಾಕಿದೆ. ಕರುಣೆಯಿಂದ ಹಾಗೆ ಮಾಡಿದೆನೆಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಇರಬಹುದು, ಅರ್ಧ. ಇನ್ನರ್ಧ ಇದು: ನಿಜ ಬರೆದಿದ್ದರೆ ವೈದ್ಯರಿಗೆ ಫೋನ್ ಮಾಡಬೇಕಿತ್ತು, ಅವನೊಡನೆ ವಾದಿಸಬೇಕಿತ್ತು, ಅವನ ಮುಖ ನೋಡಬೇಕಿತ್ತು. ನನಗೆ ಮನೆಗೆ ಹೋಗಬೇಕಿತ್ತು. ಆಯಾಸಕ್ಕೆ ಕರುಣೆಯ ವೇಷ ಎಷ್ಟು ಚೆನ್ನಾಗಿ ಒಪ್ಪುತ್ತದೆಂದರೆ, ತೊಟ್ಟವರಿಗೇ ಗುರುತು ಸಿಗುವುದಿಲ್ಲ.

ಭಾನುವಾರ ಮಧ್ಯಾಹ್ನ ಅಮ್ಮನ ಪಕ್ಕ ಕೂತು ಪಂದ್ಯ ನೋಡಿದೆ. ಸುಮಾರು ಹೊತ್ತು ಅವನು ಎಂದಿನಂತೆ ತಡೆಯುತ್ತಲೇ ಇದ್ದ. ಆಮೇಲೊಮ್ಮೆ ಸಾಲಿನಿಂದ ಕಳಚಿಕೊಂಡು ಮೈದಾನದ ನಡುವಿಗೆ ಓಡಿದ, ಚೆಂಡು ಅವನತ್ತಲೇ ಬಂತು, ಹಿಡಿದ. ಅಮ್ಮ "ಹಿಡಿದ ಕಣೇ!" ಎಂದು ಅವರೆಕಾಳಿನ ತಟ್ಟೆ ಸಮೇತ ಎದ್ದರು. ಅವನು ತಲೆ ಬಗ್ಗಿಸಿದ. ಪಕ್ಕದಿಂದ ಬಂದ ಎದುರಾಳಿ ಅವನ ಕತ್ತಿನ ಬುಡಕ್ಕೆ ಹಾಯ್ದ.

"ಏಳ್ತಾನೇನೇ?" ಅಮ್ಮ ಕೇಳಿದರು. ಬಹಳ ಹೊತ್ತಿನ ಮೇಲೆ ಎದ್ದ. ಬಲಗೈ ಮಾತ್ರ ಏಳಲಿಲ್ಲ. ನೀರಿಂದೆತ್ತಿದ ಬಟ್ಟೆಯ ತೋಳಿನಂತೆ ಜೋಲುತ್ತಿತ್ತು.

ಸೋಮವಾರ ನಾನೇ ಹೋಗಿ ಮೇಲಧಿಕಾರಿಗೆ ಎಲ್ಲ ಹೇಳಿದೆ. ಲಿಖಿತ ಎಚ್ಚರಿಕೆ ಕೊಟ್ಟರು, ಕೆಲಸ ಉಳಿಯಿತು. ಅವನ ಕತ್ತಿಗೆ ಶಸ್ತ್ರಚಿಕಿತ್ಸೆಯಾಯಿತು. ಆಟ ಅಲ್ಲಿಗೆ ಮುಗಿಯಿತು. ಪತ್ರಿಕೆಯಲ್ಲಿ ಬಂದದ್ದು ಎರಡು ಸಾಲು. ಆಸ್ಪತ್ರೆ ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ಡ್ರೈವ್. ನಾನು ನೋಡಲು ಹೋಗಲಿಲ್ಲ. ಒಂದು ಸಲ ಪಾರ್ಕಿಂಗ್‌ವರೆಗೆ ಹೋಗಿ, ಎಂಜಿನ್ ಆರಿಸದೆ ಹಿಂದಿರುಗಿದೆ. ಆ ವಾರವೇ ವಾಪಸಾಗುವವರಿದ್ದ ಅಮ್ಮ, ವಿಮಾನ ನಿಲ್ದಾಣದಲ್ಲೂ "ಆ ಹುಡುಗನ ಕೈ ಸರಿಹೋಯ್ತಾ?" ಎಂದು ಕೇಳಿದರು. ಆಗ್ತಿದೆಯಂತೆ ಎಂದೆ. ಅದು ನನ್ನ ಎರಡನೆಯ ಸುಳ್ಳು.

ನಂತರ ನಾವು ಆಸ್ಟಿನ್ ಕಡೆಗೆ ಬಂದು ಲಿಯಾಂಡರ್‌ನಲ್ಲಿ ಮನೆ ಮಾಡಿದೆವು. ಐದು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಕ್ಲಿನಿಕ್‌ನ ಪಟ್ಟಿಯಲ್ಲಿ ಅವನ ಹೆಸರಿತ್ತು. ಬೇರೆಯವರಿಗೆ ವಹಿಸಲೇ ಎಂದು ಯೋಚಿಸುತ್ತಿರುವಾಗಲೇ ಬಾಗಿಲು ತುಂಬುವಂತೆ ಬಂದು ನಿಂತ.

"ನೀವು ಇಲ್ಲಿದೀರ ಅಂತ ಗೊತ್ತಾಗೇ ಬಂದೆ," ಎಂದ. ಟೇಲರ್‌ನ ಶಾಲೆಯೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ. ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆಯುವುದನ್ನು ಕಲಿತಿದ್ದ. ಬಲಗೈ ಹಿಡಿದು ನೋಡಿದೆ. ಹೆಬ್ಬೆರಳಿನ ಪಕ್ಕದ ಮಾಂಸ ಕರಗಿ ಹಳ್ಳವಾಗಿತ್ತು.

"ಆ ಕ್ಯಾಚ್ ನೆನಪಿದ್ಯಾ?" ಅವನೇ ಕೇಳಿದ. "ಚೆಂಡು ಸಿಕ್ತೋ ಇಲ್ವೋ ಕೈಗೆ ಗೊತ್ತಾಗ್ಲಿಲ್ಲ. ಬಗ್ಗಿ ನೋಡಿದೆ. ಇತ್ತು. ಹಾಗೆ ನೋಡ್ತಿದ್ದಾಗಲೇ ಅವನು ಬಂದಿದ್ದು. ಕಾಣ್ಲಿಲ್ಲ."

ಟಿವಿಯಲ್ಲಿ ಕಂಡ ಆ ಬಾಗಿದ ತಲೆಯ ಅರ್ಥ ನನಗೆ ಐದು ವರ್ಷದ ಮೇಲೆ ತಿಳಿಯಿತು. ಬೆರಳಿಗೆ ತಿಳಿದಿದ್ದರೆ ಕಣ್ಣು ತಗ್ಗಬೇಕಿರಲಿಲ್ಲ.

"ಗುರುವಾರನೇ ನಾನು ಬರೀಬೇಕಿತ್ತು," ಎಂದೆ. ಅವನು ಇಲ್ಲವೆನ್ನಬಹುದು, ಮ್ಯಾಮ್ ಅದೆಲ್ಲ ಬಿಡಿ ಎನ್ನಬಹುದು ಎಂಬ ಆಸೆ ಒಳಗೆಲ್ಲೋ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

"ಹೌದು ಮ್ಯಾಮ್, ಬರೀಬೇಕಿತ್ತು," ಎಂದ. "ಬೇಡ ಅಂತ ನಾನೇ ಕೇಳ್ಕೊಂಡೆ, ನಿಜ. ಆಡೋನು ಕೇಳ್ಕೊಳ್ತಾನೆ, ಎಲ್ಲಾರೂ ಕೇಳ್ಕೊಳ್ತಾರೆ. ತಡೆಯೋದು ನಿಮ್ಮ ಕೆಲಸ ಆಗಿತ್ತು."

ದನಿಯಲ್ಲಿ ಕೋಪವಿರಲಿಲ್ಲ, ಮಗುವಿನ ನೋಟ್‌ಬುಕ್ಕಿನಲ್ಲಿ ತಪ್ಪಿದ ಸಾಲಿನ ಮೇಲೆ ಬೆರಳಿಡುವ ಮೇಷ್ಟರ ದನಿಯದು. ಕ್ಷಮಿಸಿದ್ದೇನೆ ಎಂದಿದ್ದರೆ ನಾನು ಅತ್ತು ಹಗುರಾಗಿಬಿಡುತ್ತಿದ್ದೆನೇನೋ. ಅವನು ಹಾಗೆನ್ನಲಿಲ್ಲ, ನಾನು ಹಗುರಾಗಲಿಲ್ಲ. ಆದರೆ ಐದು ವರ್ಷ ಕತ್ತಲಲ್ಲಿ ಬೆಳೆಯುತ್ತಲೇ ಇದ್ದ ಆ ಭಾರ, ಬೆಳಕಿಗೆ ಬಂದು, ತನ್ನ ಅಳತೆಗೆ ನಿಂತಿತು. ಅಷ್ಟು ಭಾರವನ್ನು ಮನುಷ್ಯರು ಹೊರಬಲ್ಲರು.

ಹೊಸ ಹಾಳೆ ತೆಗೆದುಕೊಂಡೆ. ಯಾವ ಬೆರಳಿಗೆ ಸ್ಪರ್ಶವಿದೆ, ಯಾವುದಕ್ಕಿಲ್ಲ, ಹಿಡಿತ ಎಷ್ಟು, ಕತ್ತು ಎಲ್ಲಿಯವರೆಗೆ ತಿರುಗುತ್ತದೆ, ಒಂದನ್ನೂ ಬಿಡದೆ ಬರೆದು, ಗಟ್ಟಿಯಾಗಿ ಅವನಿಗೆ ಓದಿ ಹೇಳಿದೆ. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ.

"ಇನ್ನೇನಾದ್ರೂ ಇದೆಯಾ?"

"ನಿದ್ದೆ ಸರಿಯಾಗಿ ಬರಲ್ಲ," ಎಂದ. ಆಮೇಲೆ ಕಣ್ಣು ತೆರೆದು, "ಅದನ್ನೂ ಬರೀರಿ," ಎಂದ.

ಬರೆದೆ.